ಆಯ್ದವರ ಮುಂದೆ ಇಂಟು

ಮೇಲಿನ ಸಾಲು, ಹನ್ನೊಂದನೇ ಮನೆ
ಮಂಗಳವಾರ, 9ನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಹೋದ ಸಲದ ಕಾಗದದಲ್ಲಿ “ನಾನು ಚೆನ್ನಾಗಿದ್ದೇನೆ” ಎಂದು ಒಂದೇ ಸಾಲು ಬರೆದು, ಉಳಿದ ಮುಕ್ಕಾಲು ಪುಟವನ್ನು ನಿಮ್ಮ ವರ್ಕ್‌ಶಾಪಿಗೆ ಬಂದ ಹೊಸ ಕ್ರೇನಿಗೆ ಮೀಸಲಿಟ್ಟಿದ್ದೆ. ಕ್ರೇನು ಆರೋಗ್ಯವಾಗಿದೆ ಎಂದು ತಿಳಿದು ಮನೆಯವರಿಗೆಲ್ಲ ಬಹಳ ಸಂತೋಷವಾಯಿತು. ಇನ್ನು ಮುಂದೆ ನಿನ್ನದನ್ನೂ ಒಂದಿಷ್ಟು ಬರೆ. ನಿನ್ನ ಹೆಂಡತಿಯ ಬೆನ್ನು ನೋವು ಹೇಗಿದೆ? ಮಗು ಶಾಲೆಗೆ ಅಳದೆ ಹೋಗುತ್ತಿದ್ದಾಳಾ? ಅವಳ ವಯಸ್ಸಿನಲ್ಲಿ ನೀನು ಶಾಲೆಯ ಕಿಟಕಿ ಕಂಬಿ ಹಿಡಿದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ, ಅದನ್ನು ಮರೆತು ಅವಳಿಗೆ ಗದರಬೇಡ.

ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಅಪ್ಪನ ಕಾಲಿನ ಹುಣ್ಣು ಮಾತ್ರ ಹಟಮಾರಿ. ಮಂಗಳವಾರ, ಶುಕ್ರವಾರ ಕ್ಲಿನಿಕ್ಕಿಗೆ ಹೋಗಿ ಬ್ಯಾಂಡೇಜು ಬದಲಾಯಿಸಿಕೊಂಡು ಬರುತ್ತಾರೆ. ಇವತ್ತೂ ಹೋಗಿ ಬಂದರು. ರೈಲು ಹಳಿಯ ಕಾಲುದಾರಿ ಗೇಟು ದಾಟಿದರೆ ಅವರ ನಡಿಗೆಯಲ್ಲಿ ಹತ್ತು ನಿಮಿಷ, ಅಷ್ಟೇ. ಸಕ್ಕರೆ ಇಷ್ಟಕ್ಕೇ ನಿಂತಿದೆ, ಹುಣ್ಣು ಮೇಲಕ್ಕೆ ಹತ್ತದಂತೆ ನೋಡಿಕೊಂಡರೆ ಸಾಕು, ಆದರೆ ಒಂದು ವಾರವೂ ತಪ್ಪಿಸಬಾರದು ಎಂದು ಡಾಕ್ಟರು ಬೆರಳು ತೋರಿಸಿ ಹೇಳಿದ್ದಾರೆ. ಅಪ್ಪ ತಲೆಯಾಡಿಸಿದ್ದಾರೆ. ಅವರು ತಲೆಯಾಡಿಸುವುದಕ್ಕೆ ಎಷ್ಟು ಬೆಲೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’ ಬಿಟ್ಟರೆ ‘ಊಹೂಂ’, ಮೂರನೆಯ ಮಾತಿಲ್ಲ. ಚುನಾವಣೆ ಎಂಬ ಶಬ್ದ ಬಂದರಂತೂ “ಸರಿಯಾಗಿ ಕೇಳಿಸ್ತಾ ಇಲ್ಲಕ್ಕಾ” ಎಂದು ಇಟ್ಟೇ ಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಇಟ್ಟರೂ ನಿನ್ನ ಹೆಂಡತಿ ಎತ್ತಿ ಓದುತ್ತಾಳೆ. ಆದ್ದರಿಂದ ಪೂರ್ತಿ ಓದು. ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ, ಅದನ್ನು ಬೇರೆ ಯಾರ ಬಾಯಿಂದಲೋ ಕೇಳುವ ಮೊದಲು ನಿನಗೆ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ವಾರ್ಡಿನ ಚುನಾವಣೆ ಹೋದ ತಿಂಗಳ ಕೊನೆಯ ಭಾನುವಾರ ನಡೆಯಿತು. ನಿಂತವರು ಮೂವರು. ಒಬ್ಬ ನಿನ್ನ ಹಳೇ ಪ್ರೀತಿಪಾತ್ರ, ಗೋದಾಮಿನವನು. ಕಾಲುದಾರಿ ಗೇಟು ಮುಚ್ಚಿಸಿ, ಅದರ ಈಚೆಯ ಓಣಿಯನ್ನು ತನ್ನ ಲಾರಿ ನಿಲ್ಲಿಸಲು ತೆಗೆದುಕೊಳ್ಳಬೇಕೆಂಬುದು ಅವನ ಬಹುದಿನದ ಆಸೆ. ಅದಕ್ಕೆ ಈಗ ‘ಸುರಕ್ಷತೆ’ ಎಂದು ಹೆಸರಿಟ್ಟಿದ್ದಾನೆ. ಎರಡನೆಯವರು ಕ್ಲಿನಿಕ್ಕಿನಿಂದ ನಿವೃತ್ತರಾದ ದಾದಿಯಮ್ಮ. ಗೇಟು ಉಳಿಸಿ ಅಲ್ಲಿಗೊಬ್ಬ ಕಾವಲುಗಾರನನ್ನು ಹಾಕಿಸುತ್ತೇನೆ ಎಂದು ಅವರು ನಿಂತಿದ್ದಾರೆ. ಬೇರೆ ಯಾವ ಭರವಸೆಯನ್ನೂ ಕೊಟ್ಟಿಲ್ಲ. ಕೇಳಿದರೆ “ಒಂದು ಮಾಡ್ತೀನಿ ಕಣ್ರೋ, ಹತ್ತು ಹೇಳಿಸಬೇಡಿ” ಎನ್ನುತ್ತಾರೆ. ಮೂರನೆಯವನು ಫೋಟೋ ಸ್ಟುಡಿಯೋದವನು. ಅವನೂ ಗೇಟು ಉಳಿಯಬೇಕು ಎಂದೇ ಹೇಳಿಕೊಂಡು ತಿರುಗಿದ. ಅವನ ಕರಪತ್ರ ಅಚ್ಚು ಹಾಕಿಸಿದ್ದು ಮಾತ್ರ ಗೋದಾಮಿನವನ ಭಾವಮೈದ. ಗೇಟು ಬೇಕೆನ್ನುವವರ ಮತ ಎರಡು ಹೋಳಾಗಲಿ ಎಂಬ ಲೆಕ್ಕ ಎಂದು ನನಗೆ ಅನ್ನಿಸಿತು, ಆದರೆ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ.

ಗೇಟು ಮುಚ್ಚಿದರೆ ಏನಾಗುತ್ತದೆ ಎಂದು ನಿನಗೆ ವಿವರಿಸಬೇಕಿಲ್ಲ. ಕಾರ್ಖಾನೆ, ಶಾಲೆ, ಕ್ಲಿನಿಕ್ಕು ಎಲ್ಲವೂ ಹಳಿಯ ಆಚೆ. ಸೇತುವೆ ಸುತ್ತಿ ಹೋದರೆ ನನಗೇ ಮುಕ್ಕಾಲು ಗಂಟೆ. ಅಪ್ಪ ಆಗಲೇ ಹೇಳಿಬಿಟ್ಟಿದ್ದಾರೆ: “ಸುತ್ತು ಹಾಕ್ಕೊಂಡು ಹೋಗೋ ಹಾಗಿದ್ರೆ ನಾನು ಹೋಗೋದೇ ಇಲ್ಲ. ಕಾಲು ನಂದು.” ಹೋಗದಿದ್ದರೆ ಆ ಕಾಲು ಎಷ್ಟು ದಿನ ಅವರದಾಗಿರುತ್ತದೆ ಎಂದು ನಾನು ಕೇಳಲು ಹೋಗಲಿಲ್ಲ, ನನಗೇ ಭಯವಾಯಿತು.

ಈಗ ನೀನು ಏನು ಹೇಳುತ್ತೀಯ ಎಂದು ಗೊತ್ತು. ಒಂಬತ್ತು ವರ್ಷದ ಹಿಂದೆ ಮಧ್ಯಾಹ್ನದ ಪಾಳಿ ಮುಗಿಸಿ ಮತ ಹಾಕಲು ಓಡೋಡಿ ಶಾಲೆಗೆ ಹೋದಾಗ ಪಟ್ಟಿಯಲ್ಲಿ ನಿನ್ನ ಹೆಸರಿನ ಮೇಲೆ ಆಗಲೇ ಗೀಟು ಬಿದ್ದಿತ್ತು. ನಿನ್ನ ಮತವನ್ನು ಯಾರೋ ಹಾಕಿಬಿಟ್ಟಿದ್ದರು. ಗುಮಾಸ್ತ ತಲೆಯನ್ನೂ ಎತ್ತದೆ “ನೀವು ಬಂದು ಹೋಗಿದ್ದೀರಿ” ಎಂದದ್ದನ್ನು ನೀನು ಇವತ್ತಿಗೂ ಅವನ ದನಿಯಲ್ಲೇ ಆಡಿ ತೋರಿಸುತ್ತೀಯ. ಆವತ್ತಿನಿಂದ ನಿನ್ನದು ಒಂದೇ ಪಾಠ. ಪಟ್ಟಿ ಸುಳ್ಳು, ಪೆಟ್ಟಿಗೆ ಸುಳ್ಳು, ಗೋದಾಮಿನವನ ಕಡೆಯವರು ಸತ್ಯ. ಹೆಸರು ಪಟ್ಟಿಯಲ್ಲಿ ಇನ್ನೂ ಈ ಮನೆಯ ವಿಳಾಸದಲ್ಲೇ ಇದೆ. ನೀನು ತೆಗೆಸಲೂ ಇಲ್ಲ, ಬರಲೂ ಇಲ್ಲ. ಆ ವಿಷಯವನ್ನು ಸದ್ಯ ಬದಿಗಿಡು, ನಾನು ಅದನ್ನು ಅಲ್ಲಗಳೆಯಲು ಕೂತಿಲ್ಲ.

ನೀನು ಹೇಳುವ ದೋಷಗಳನ್ನೆಲ್ಲ ನಾನು ಒಪ್ಪುತ್ತೇನೆ. ಇನ್ನೂ ನಾಲ್ಕು ನಾನೇ ಸೇರಿಸುತ್ತೇನೆ. ಮತಗಟ್ಟೆ ಮುಚ್ಚುವ ಹೊತ್ತಿಗೂ ಎರಡನೇ ಪಾಳಿ ಬಿಡುವ ಹೊತ್ತಿಗೂ ಹದಿನೈದು ನಿಮಿಷದ ಅಂತರ, ಅಷ್ಟರಲ್ಲಿ ನಮ್ಮ ಪಿಂಗಾಣಿ ಕಾರ್ಖಾನೆಯ ಭಟ್ಟಿಯವರು ಮುಖ ತೊಳೆದುಕೊಳ್ಳುವುದೂ ಕಷ್ಟ. ಮೂರು ವರ್ಷದ ಹಿಂದೆ ವಾರ್ಡಿನ ಗಡಿಯನ್ನು ಎಳೆದ ಪುಣ್ಯಾತ್ಮ ನಮ್ಮ ಕೆಳಗಿನ ಸಾಲನ್ನು ಕತ್ತರಿಸಿ ಪಕ್ಕದ ವಾರ್ಡಿಗೆ ಅಂಟಿಸಿದ, ಅಲ್ಲಿ ಅವರನ್ನು ಕೇಳುವವರೇ ಇಲ್ಲ. ಎದುರು ಮನೆಯ ಅಜ್ಜಿ ತೀರಿಕೊಂಡು ಆರು ವರ್ಷವಾದರೂ ಪಟ್ಟಿಯಲ್ಲಿ ಜೀವಂತವಾಗಿದ್ದಾರೆ, ಅವರ ಮೊಮ್ಮಗಳು ಇಪ್ಪತ್ತೆರಡು ತುಂಬಿದರೂ ಪಟ್ಟಿಯಲ್ಲಿ ಹುಟ್ಟಿಲ್ಲ. ಇಪ್ಪತ್ತಾರು ವರ್ಷ ದೋಷ ಹುಡುಕಿಯೇ ಊಟ ಮಾಡಿದವಳು ನಾನು, ನನಗೆ ದೋಷ ತೋರಿಸಿಕೊಡಲು ನೀನು ಬೇಕಾಗಿಲ್ಲ.

ನಮ್ಮ ಶೆಡ್ಡಿನ ಕೆಲಸ ನಿನಗೆ ಗೊತ್ತಿರುವುದೇ, ಆದರೂ ಮುಂದಿನ ಮಾತಿಗೆ ಅದು ಬೇಕು. ಭಟ್ಟಿಯಿಂದ ಬಂದ ಕಪ್ಪು-ಸಾಸರುಗಳನ್ನು ನಾವು ಬೆಳಕಿಗೆ ಹಿಡಿಯುತ್ತೇವೆ, ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೇವೆ, ಮೆರುಗಿನ ಮೇಲೆ ಉಗುರಾಡಿಸುತ್ತೇವೆ. ಕೂದಲೆಳೆಯಷ್ಟು ಬಿರುಕು, ಗುಳ್ಳೆ, ಸೊಟ್ಟ ಹಿಡಿ, ಏನು ಕಂಡರೂ ಮೇಣದ ಪೆನ್ಸಿಲಿನಿಂದ ಅದರ ಮೇಲೊಂದು ಇಂಟು. ಸರಿಯಾಗಿರುವುದಕ್ಕೆ ನಾವು ಏನೂ ಬರೆಯುವುದಿಲ್ಲ, ಅದು ಮೈಮೇಲೆ ಗೀರಿಲ್ಲದೆ ಪ್ಯಾಕಿಂಗಿಗೆ ಹೋಗುತ್ತದೆ. ಈ ಕೆಲಸಕ್ಕೆ ಶೆಡ್ಡಿನಲ್ಲಿ ‘ಆಯುವುದು’ ಎನ್ನುತ್ತೇವೆ. ಅಕ್ಕಿ ಆಯುವ ಹಾಗೆ. ಅಕ್ಕಿ ಆಯುವವಳು ಕೈಗೆ ತೆಗೆದುಕೊಳ್ಳುವುದು ಅಕ್ಕಿಯನ್ನಲ್ಲ, ಕಲ್ಲನ್ನು. ಹಾಗೆಯೇ ನಮ್ಮಲ್ಲಿ ‘ಆಯ್ದದ್ದು’ ಎಂದರೆ ಒಡೆಯುವ ತೊಟ್ಟಿಗೆ ಹೋಗುವ ಮಾಲು. ಈ ಭಾಷೆ ಹುಡುಗಿಯರ ಬಾಯಿಗೆ ಎಷ್ಟು ಅಂಟಿದೆಯೆಂದರೆ, ಯಾರನ್ನಾದರೂ ನೋಡಲು ಗಂಡು ಬಂದು ಹೋದರೆ ಮರುದಿನ ಬೆಳಿಗ್ಗೆ ಎಲ್ಲರೂ ಕೇಳುವುದು ಒಂದೇ: “ಏನೇ, ಇಂಟು ಬಿತ್ತಾ?”

ಇಷ್ಟು ವರ್ಷ ನಾವು ಮತ ಹಾಕಿದ್ದು ಮುದ್ರೆ ಒತ್ತಿ. ಈ ಸಲ ಮುದ್ರೆಯಿಲ್ಲ, ಪೆನ್ಸಿಲು. ಕಾಗದದಲ್ಲಿ ಮೂರು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಖಾಲಿ ಚೌಕ. ಶನಿವಾರ ಟೀ ಹೊತ್ತಿನಲ್ಲಿ ಹುಡುಗಿಯರು ನನ್ನ ಸುತ್ತ ಸೇರಿದರು. ದಾದಿಯಮ್ಮನ ಪರವಾಗಿ ಓಡಾಡುತ್ತಿದ್ದವಳು ನಾನು, ಶೆಡ್ಡಿಗೆ ಹಿರಿಯಳೂ ನಾನು. “ಅಕ್ಕಾ, ಈ ಸಲ ಹೇಗೆ ಹಾಕೋದು?” ಎಂದರು. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಸೂಪರ್‌ವೈಸರನ ಚೀಟಿ, ಗಂಟೆ ಬೇರೆ ಹೊಡೆಯುತ್ತಿತ್ತು. ನಾನು ಹೇಳಿದೆ: “ಅದೇನು ದೊಡ್ಡ ವಿದ್ಯೆ? ದಿನಾ ಹಾಕೋ ಇಂಟೇ ಕಣ್ರೇ. ನಮ್ಮ ಕೆಲಸ ಮಾಡಿದ ಹಾಗೇ ಮಾಡಿ ಬನ್ನಿ.” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಿಂಗಾಣಿ ಒಡೆದರೆ ನಮ್ಮಲ್ಲಿ ಕೇಳುವವರಿಲ್ಲ, ಆದರೆ ಆ ಮಾತು ಎಲ್ಲಿಗೆ ಹೋಗಿ ಬಿತ್ತು ನೋಡು.

ಭಾನುವಾರ ಮತಗಟ್ಟೆಯೊಳಗೆ, ಮರೆಯ ಹಿಂದೆ ಗೋಡೆಗೆ ಒಂದು ಸೂಚನೆ ಅಂಟಿಸಿದ್ದರು. ದಪ್ಪ ಅಕ್ಷರದಲ್ಲಿ ‘ಆಯ್ದವರ ಮುಂದೆ × ಗುರುತು ಹಾಕಿ.’ ನಾನು ಅದನ್ನು ಓದಿದೆ, ದಾದಿಯಮ್ಮನ ಹೆಸರಿನ ಮುಂದೆ ಇಂಟು ಹಾಕಿದೆ, ಮಡಿಸಿ ಪೆಟ್ಟಿಗೆಗೆ ಬಿಟ್ಟು ಬಂದೆ. ಏನೂ ಹೊಳೆಯಲಿಲ್ಲ. ಹುಡುಗಿಯರು ಬೆಳಿಗ್ಗೆ ಎಂಟಕ್ಕೇ ಸಾಲಾಗಿ ಬಂದು ನಿಂತಿದ್ದರು. ಒಬ್ಬಳು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ನಾವೆಲ್ಲ ಮೌನಿ ಎಂದು ಕರೆಯುವ ಆ ಬಾಯಿಬಡುಕಿ ಹೊರಗೆ ಬಂದವಳೇ “ಮುಗಿಸಿ ಬಂದೆ ಅಕ್ಕಾ, ಇಬ್ಬರಿಗೂ ಬಿತ್ತು” ಎಂದು ಕಣ್ಣು ಮಿಟುಕಿಸಿದಳು. ಮತದ ವಿಷಯ ಹೊರಗೆ ಆಡಬಾರದು ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಇಬ್ಬರಿಗೂ ಎಂದರೆ ಯಾರಿಗೆ ಎಂದು ಒಂದು ಮಾತು ಕೇಳಿದ್ದರೆ, ಇನ್ನೂ ಸಾಲಿನಲ್ಲಿದ್ದ ಇಪ್ಪತ್ತು ಜನರನ್ನಾದರೂ ತಡೆಯಬಹುದಿತ್ತು.

ಎಣಿಕೆ ಸೋಮವಾರ ಶಾಲೆಯ ಹಾಲಿನಲ್ಲಿ. ದಾದಿಯಮ್ಮನ ಏಜೆಂಟಾಗಿ ನಾನು ಮೇಜಿನ ಈಚೆ ಕೂತಿದ್ದೆ. ಮುಟ್ಟುವ ಹಾಗಿಲ್ಲ, ನೋಡಬಹುದು. ಗುಮಾಸ್ತರು ಒಂದೊಂದೇ ಕಾಗದ ಬಿಚ್ಚಿ ಹೆಸರು ಕೂಗಿ ಮೂರು ರಾಶಿಗೆ ಹಾಕುತ್ತಿದ್ದರು. ಗೊಂದಲವಿದ್ದದ್ದು ನಾಲ್ಕನೇ ರಾಶಿಗೆ, ತಿರಸ್ಕೃತ. ಆ ನಾಲ್ಕನೇ ರಾಶಿ ಬೆಳೆಯುವುದನ್ನು ನೋಡಿ ಗೋದಾಮಿನವನ ಏಜೆಂಟು “ಓದು ಬರದವರು ಜಾಸ್ತಿ ಬಂದವ್ರೆ” ಎಂದು ನಕ್ಕ. ನಾನೂ ಕತ್ತು ಚಾಚಿ ನೋಡಿದೆ. ಮೇಲಿನ ಕಾಗದದಲ್ಲಿ ಗೋದಾಮಿನವನ ಮುಂದೆ ಒಂದು ಇಂಟು, ಫೋಟೋದವನ ಮುಂದೆ ಒಂದು ಇಂಟು. ದಾದಿಯಮ್ಮನ ಚೌಕ ತೊಳೆದಿಟ್ಟ ಹಾಗೆ ಖಾಲಿ. ಅದರ ಕೆಳಗಿನದೂ ಹಾಗೆಯೇ. ಅದರ ಕೆಳಗಿನದೂ. ಎರಡನೇ ಗೀಟಿನ ತುದಿಯಲ್ಲಿ ಒಂದು ಪುಟ್ಟ ಬಾಲ ಇತ್ತು ಕಣೋ. ಮೇಣ ಮೆರುಗಿಗೆ ಮೆತ್ತಿಕೊಳ್ಳದಿರಲಿ ಎಂದು ಗೀಟೆಳೆದು ಕೊನೆಗೆ ಪೆನ್ಸಿಲನ್ನು ಚಿಮ್ಮಿಸುತ್ತೇವಲ್ಲ, ಆ ಬಾಲ. ಹೊಸಬರಿಗೆ ಅದನ್ನು ಕಲಿಸಿದವಳು ನಾನೇ.

ನಾನು ಎದ್ದು ನಿಂತು, ಇವರು ಬೇಕಾದವರಿಗಲ್ಲ, ಬೇಡದವರಿಗೆ ಗುರುತು ಹಾಕಿದ್ದಾರೆ, ಇವು ದಾದಿಯಮ್ಮನ ಮತಗಳು ಎಂದೆ. ಎಣಿಕೆಯ ಅಧಿಕಾರಿ ಒಳ್ಳೆಯ ಮನುಷ್ಯ, ಆ ಶಾಲೆಯ ಹೆಡ್‌ಮಾಸ್ಟರೇ. ಕನ್ನಡಕ ತೆಗೆದು ಒರೆಸಿ, “ಆಗಿರಬಹುದಮ್ಮಾ. ಆದರೆ ಎರಡು ಗುರುತು ಇದ್ದರೆ ತಿರಸ್ಕೃತ. ಮನಸ್ಸಲ್ಲಿ ಏನಿತ್ತು ಅಂತ ಎಣಿಸೋಕೆ ನನಗೆ ಅಧಿಕಾರ ಇಲ್ಲ” ಎಂದರು. ಅವರು ಹೇಳಿದ್ದು ಸರಿಯೇ. ಮನಸ್ಸನ್ನು ಎಣಿಸಲು ಹೊರಟರೆ ಮೊದಲು ಎಣಿಸುವವನು ಗೋದಾಮಿನವನೇ ಆಗಿರುತ್ತಾನೆ. ನಾನು ಕೂತೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ಕಂಡಿತು. ಇಬ್ಬರಿಗೂ ಹಾಕದೆ, ಅತಿ ಕೆಟ್ಟವನೊಬ್ಬನಿಗೆ ಮಾತ್ರ ಇಂಟು ಹಾಕಿ ಬಂದವರೂ ಇದ್ದರು. ಆ ಕಾಗದಗಳಲ್ಲಿ ಯಾವ ಗೊಂದಲವೂ ಇಲ್ಲ, ನೇರವಾಗಿ ಗೋದಾಮಿನವನ ರಾಶಿಗೆ ಹೋದವು. ಬಾಲವಿದ್ದ ಒಂಬತ್ತು ಇಂಟುಗಳನ್ನು ನಾನೇ ಎಣಿಸಿದೆ. ಕೆಲವು ಯಾರ ಕೈಯೆಂದೂ ನನಗೆ ತಿಳಿಯಿತು. ಆ ಹೆಸರುಗಳು ನನ್ನ ಹೊಟ್ಟೆಯಲ್ಲೇ ಇರುತ್ತವೆ, ನೀನೂ ಕೇಳಬೇಡ.

ಲೆಕ್ಕ ಹೀಗಾಯಿತು. ಗೋದಾಮಿನವನಿಗೆ 430, ದಾದಿಯಮ್ಮನಿಗೆ 394, ಫೋಟೋದವನಿಗೆ 249, ತಿರಸ್ಕೃತ 48. ಆ ನಲವತ್ತೆಂಟರಲ್ಲಿ ಮೂವತ್ತೊಂದು ನಮ್ಮ ಶೆಡ್ಡಿನವು, ಗೋದಾಮಿನವನ ರಾಶಿಗೆ ಹೋದ ಒಂಬತ್ತೂ ಸೇರಿದರೆ ನಲವತ್ತು. ನನ್ನ ಬಾಯಿ ಸರಿಯಿದ್ದಿದ್ದರೆ ದಾದಿಯಮ್ಮ ಮುಂದಿರುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬೀಳದ್ದರಿಂದ ಮೊದಲಿಬ್ಬರಿಗೆ ಇನ್ನೊಂದು ಸುತ್ತು ಇದೆ, ಅದೊಂದೇ ಪುಣ್ಯ. ಆದರೆ ಊರೆಲ್ಲ ಆಗಲೇ ಗೋದಾಮಿನವನೇ ಗೆದ್ದ ಎಂಬಂತೆ ಮಾತಾಡುತ್ತಿದೆ. ಗೆಲ್ಲುವ ಕುದುರೆಯ ಬಾಲ ಹಿಡಿಯುವವರಿಗೆ ನಮ್ಮಲ್ಲಿ ಬರವೇ? ಮೊನ್ನೆಯಿಂದ ಅವನ ಲಾರಿಯೊಂದು ಓಣಿಯ ಬಾಯಲ್ಲೇ ನಿಂತಿದೆ, ಅಪ್ಪ ಇವತ್ತು ಅದರ ಪಕ್ಕದಲ್ಲಿ ಓರೆಯಾಗಿ ತೂರಿಕೊಂಡು ಕ್ಲಿನಿಕ್ಕಿಗೆ ಹೋದರು.

ದಾದಿಯಮ್ಮನಿಗೆ ಆವತ್ತು ಸಂಜೆಯೇ ಹೋಗಿ ಒಪ್ಪಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, ಎಡಗಾಲಿಗೆ ಹಾಕಬೇಕಾದ ಬ್ಯಾಂಡೇಜನ್ನು ಬಲಗಾಲಿಗೆ ಹಾಕಿದ ದಾದಿಯರನ್ನು ತಾನು ನೋಡಿದ್ದೇನೆ, ಬಿಚ್ಚಿ ಮತ್ತೆ ಹಾಕುವುದು, ಅಷ್ಟೇ ಎಂದರು. ಆಮೇಲೆ “ಹುಡುಗಿಯರಿಗೆ ನೀನೇ ಹೇಳು. ನನ್ನಿಂದ ಹೇಳಿಸಬೇಡ” ಎಂದರು. ಅದು ಬೈಗುಳಕ್ಕಿಂತ ಜಾಸ್ತಿ ತಾಗಿತು.

ಮರುದಿನ ಟೀ ಹೊತ್ತಿನಲ್ಲಿ ಶೆಡ್ಡಿನಲ್ಲಿ ಹೇಳಿದೆ. ತಪ್ಪು ನನ್ನದು ಎಂದು ಮೊದಲೇ ಹೇಳಿದೆ. ಮೌನಿ ಬಿದ್ದು ಬಿದ್ದು ನಕ್ಕಳು, ನಕ್ಕವಳಿಗೆ ಅಳು ಬಂತು. ಕೆಲವರು ನನ್ನ ಮೇಲೆ ಹರಿಹಾಯ್ದರು. ಇನ್ನು ಕೆಲವರು ಸೂಚನೆ ಬರೆದವನ ವಂಶವನ್ನೇ ಆಯ್ದು ಆಯ್ದು ಇಂಟು ಹಾಕಿದರು. ಅವರ ಮಾತಿನಲ್ಲೂ ನ್ಯಾಯವಿದೆ. ‘ಬೇಕಾದವರ ಮುಂದೆ’ ಎಂದು ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು? ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದವಳು ಹೊಸ ಚಪ್ಪಲಿಯವಳು. “ನಾನು ಇನ್ನು ಹೋಗಲ್ಲ ಅಕ್ಕಾ. ನಮ್ಮಂಥವರಿಗಲ್ಲ ಅದು” ಎಂದಳು. ಥೇಟ್ ನಿನ್ನದೇ ಮಾತು. ಕಾರಣ ಬೇರೆ, ಅಷ್ಟೇ. ನಿನಗೆ ಉತ್ತರ ಕೊಡಲು ಒಂಬತ್ತು ವರ್ಷದಿಂದ ಆಗದವಳಿಗೆ ಅವಳೆದುರು ಹೇಗೋ ಮಾತು ಬಂತು.

ನಾನು ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಆ ಸೂಚನೆಯಲ್ಲಿ ದೋಷವಿದೆ ಎಂದು ಗೊತ್ತಾದದ್ದು ಹೇಗೆ? ಈ ನಲವತ್ತು ಜನ ಹೋಗಿ ತಪ್ಪು ಹಾಕಿದ್ದರಿಂದ. ಅವರ ಕಾಗದ ತಿರಸ್ಕೃತವಾದರೂ ಮೇಜಿನ ಮೇಲೆ ಬಿತ್ತು, ಹೆಡ್‌ಮಾಸ್ಟರು ಅದನ್ನು ಕಣ್ಣಾರೆ ನೋಡಿದರು. ಮನೆಯಲ್ಲೇ ಕೂತಿದ್ದರೆ ಅದೂ ಇಲ್ಲ. ನಮ್ಮ ಪಟ್ಟಿಯಲ್ಲಿ 1940 ಹೆಸರಿವೆ, ಬಂದವರು 1121. ಬಾರದ 819 ಜನ ಒಂದು ಪಕ್ಷ ಕಟ್ಟಿದ್ದರೆ ಗೋದಾಮಿನವನದರ ಹತ್ತಿರಹತ್ತಿರ ಎರಡರಷ್ಟು ಮತ ಬೀಳುತ್ತಿತ್ತು. ಅವರಲ್ಲಿ ಯಾರು ಸಿಟ್ಟಿನಿಂದ ಬರಲಿಲ್ಲ, ಯಾರು ಹೊದ್ದು ಮಲಗಿದ್ದರು, ಯಾರಿಗೆ ಜ್ವರ, ಯಾರಿಗೆ ಸೋಮಾರಿತನ? ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೂ ಒಂದೇ ಖಾಲಿ. ನೀನು ಒಂಬತ್ತು ವರ್ಷದಿಂದ ಪ್ರತಿಭಟನೆ ಮಾಡುತ್ತಿದ್ದೀಯ ಎಂದು ಗೊತ್ತಿರುವುದು ನನಗೆ, ಅಪ್ಪನಿಗೆ, ನಿನ್ನ ಹೆಂಡತಿಗೆ. ಗೋದಾಮಿನವನಿಗೆ ಗೊತ್ತಿಲ್ಲ. ಗೊತ್ತಾದರೆ ಹೂವಿನ ಹಾರ ಕಳಿಸುತ್ತಾನೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರೆ ನೆಗಡಿಗೇನು ನಷ್ಟ, ನೀನೇ ಹೇಳು. ಬಿರುಕು ಬಿಟ್ಟ ಕಪ್ಪನ್ನು ಬಿರುಕು ಬಿಟ್ಟಿದೆ ಎನ್ನಬೇಕಾದರೂ ಅದನ್ನು ಕೈಗೆ ತೆಗೆದುಕೊಂಡಿರಬೇಕು. ದೂರದಿಂದ ಬೈದವಳಿಗೆ ನಮ್ಮ ಶೆಡ್ಡಿನಲ್ಲಿ ಹಾಜರಿ ಹಾಕುವುದಿಲ್ಲ.

ಆ ಹುಡುಗಿ ಪೂರ್ತಿ ಒಪ್ಪಿದಳು ಎಂದು ಹೇಳಲಾರೆ. ಆದರೆ ಸಂಜೆ ನಾವು ಎಂಟು ಜನ ಹೆಡ್‌ಮಾಸ್ಟರ ಹತ್ತಿರ ಹೋದಾಗ ಹಿಂದಿನಿಂದ ಬಂದು ಸೇರಿಕೊಂಡಳು. ಅಚ್ಚಾದ ಸೂಚನೆಯನ್ನು ಬದಲಾಯಿಸಲು ಮೇಲಿನಿಂದ ಅಪ್ಪಣೆ ಬೇಕಂತೆ. ಬರೆದು ಕೇಳಿದ್ದಾರೆ. ಅಪ್ಪಣೆ ಬಂದರೆ ‘ನಿಮಗೆ ಬೇಕಾದ ಒಬ್ಬರ ಮುಂದೆ’ ಎಂದು ತಾನೇ ಕೈಯಲ್ಲಿ ಬರೆದು ಅಂಟಿಸುತ್ತೇನೆ ಎಂದರು. ಬಾರದಿದ್ದರೂ ನಮಗೆ ಚಿಂತೆಯಿಲ್ಲ. ಆವತ್ತಿನಿಂದ ದಿನಾ ಟೀ ಹೊತ್ತಿನಲ್ಲಿ ತೊಟ್ಟಿಗೆ ಹೋಗುವ ಸಾಸರುಗಳ ಮೇಲೆ ಎರಡು ಚೌಕ ಬರೆದು ಅಭ್ಯಾಸ ಮಾಡುತ್ತಿದ್ದೇವೆ. ಕೈ ಅಷ್ಟು ಬೇಗ ಕೇಳುವುದಿಲ್ಲ ಕಣೋ. ಒಳ್ಳೆಯದರ ಮೇಲೆ ಇಂಟು ಹಾಕಬೇಕಾದರೆ ನನ್ನ ಕೈಯೇ ಒಂದು ಕ್ಷಣ ತಡೆಯುತ್ತದೆ. ಸೂಪರ್‌ವೈಸರ್ ನೋಡಿಯೂ ನೋಡದ ಹಾಗೆ ಹೋಗುತ್ತಾನೆ, ಅವನ ಮಕ್ಕಳೂ ಆ ಗೇಟು ದಾಟಿಯೇ ಶಾಲೆಗೆ ಹೋಗಬೇಕು.

ಎರಡನೇ ಸುತ್ತು ಬರುವ ಭಾನುವಾರ, ಹದಿನಾಲ್ಕನೇ ತಾರೀಖು. ಫೋಟೋದವನಿಗೆ ಬಿದ್ದ ಮತಗಳು ಎತ್ತ ಹೋಗುತ್ತವೋ ದೇವರೇ ಬಲ್ಲ. ಮನೆಮನೆಗೆ ಹೋಗಿ ಕೂಡಿಸಿ ನೋಡಿದರೆ ಎರಡೂ ಕಡೆ ಸಮಸಮ ಬರುತ್ತಿದೆ. ನಿನ್ನ ಹೆಸರು ಪಟ್ಟಿಯಲ್ಲಿ 612ನೇದು, ಅಪ್ಪನದು 611. ನಾನು ಹೋಗಿ ನೋಡಿ ಬಂದಿದ್ದೇನೆ, ಎರಡೂ ಇವೆ. ಶನಿವಾರ ಮಧ್ಯಾಹ್ನ ಎರಡೂವರೆಯ ರೈಲು ಹತ್ತಿದರೆ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೀಯ, ಭಾನುವಾರ ಮತ ಹಾಕಿ ಹನ್ನೊಂದರ ರೈಲಿಗೆ ಹೊರಟರೆ ಸೋಮವಾರ ಪಾಳಿ ತಪ್ಪುವುದಿಲ್ಲ. ಬಾ ಎಂದು ಅಂಗಲಾಚುವುದಿಲ್ಲ. ಯೋಚನೆ ಮಾಡು. ಯಾರಿಗೆ ಹಾಕಬೇಕೆಂದೂ ನಾನು ಹೇಳುವುದಿಲ್ಲ, ಈ ವಾರ ನಾನು ಯಾರಿಗೂ ಏನೂ ಹೇಳಿಕೊಡುವ ಸ್ಥಿತಿಯಲ್ಲಿಲ್ಲ.

ಮಗುವಿಗೆ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿನ್ನ ಹೆಂಡತಿ ಭಾರ ಎತ್ತದಿರಲಿ, ಎತ್ತುವುದಕ್ಕೆ ನಿನ್ನ ಕ್ರೇನನ್ನು ಕರೆ. ಕೆಮ್ಮಿಗೆ ಬಿಸಿನೀರು ಕುಡಿ. ನಿನ್ನ ಮನೆ, ಮೈ, ಮನಸ್ಸು ಮೂರೂ ನೆಟ್ಟಗಿರಲಿ ಎಂದು ಹರಸುತ್ತೇನೆ.

ಇಂತಿ,
ನಿನ್ನ ಅಕ್ಕ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಟಪಾಲು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಬದಿಗಿಡು ಎಂದಿದ್ದೆನಲ್ಲ, ಆ ವಿಷಯ. ನಿನ್ನೆ ಊಟಕ್ಕೆ ಕೂತಾಗ ಅಪ್ಪನಿಗೆ ಶೆಡ್ಡಿನ ಕಥೆ ಹೇಳಿದೆ. ಮೊದಲು ನಕ್ಕರು. ಆಮೇಲೆ ತುತ್ತು ಕೈಯಲ್ಲೇ ಉಳಿಯಿತು. ಒಂಬತ್ತು ವರ್ಷದ ಹಿಂದೆ ನಿನ್ನ ಮತ ಹಾಕಿದ್ದು ಗೋದಾಮಿನವನ ಕಡೆಯವರಲ್ಲ, ಅಪ್ಪ. ಕಾರ್ಖಾನೆಯ ಸ್ಟೋರಿನಲ್ಲಿ ಆಗ ಸಾಬೂನು, ಟವೆಲ್ಲು ಚೀಟಿಯ ಮೇಲೆ ಕೊಡುತ್ತಿದ್ದರಲ್ಲ, ನಿನಗೆ ಪಾಳಿ ಇದ್ದರೆ ನಿನ್ನ ಚೀಟಿಗೂ ಅವರೇ ತರುತ್ತಿದ್ದರಲ್ಲ. ಮತದ ಚೀಟಿಯೂ ಮೇಜಿನ ಮೇಲಿತ್ತು. “ಅವನಿಗೆ ಬರೋಕಾಗಲ್ಲ, ದಂಡ ಆಗುತ್ತಲ್ಲ ಅಂತ ತಗೊಂಡು ಹೋದೆ” ಎನ್ನುತ್ತಾರೆ. ಬೆಳಿಗ್ಗೆ ತಮ್ಮದು ಹಾಕಿ ಬಂದು, ಮಧ್ಯಾಹ್ನ ನಿನ್ನದು ಹಾಕಿದರಂತೆ. ಯಾರೂ ಮುಖವನ್ನೂ ನೋಡಲಿಲ್ಲವಂತೆ, ಬೆರಳಿನ ಶಾಯಿಯನ್ನೂ ನೋಡಲಿಲ್ಲವಂತೆ. ನಿನ್ನದನ್ನು ಆ ಸಲ ನಿಂತಿದ್ದ, ನೀನು ಬೇಕು ಎನ್ನುತ್ತಿದ್ದ ಯೂನಿಯನ್ನಿನವನಿಗೇ ಹಾಕಿದರಂತೆ, ತಮ್ಮದನ್ನು ಅವನ ಎದುರಾಳಿಗೆ. “ಅವನದು ಅವನಿಗೆ ಬೇಕಾದ ಕಡೆಗೇ ಹಾಕಬೇಕಲ್ವಾ” ಎಂದು ನನ್ನನ್ನೇ ಕೇಳಿದರು. ಅದು ತಪ್ಪೆಂದು ತಿಳಿದದ್ದು, ಸಂಜೆ ನೀನು ಬಂದು “ಆ ಕಳ್ಳನ ಕೈ ಮುರೀತೀನಿ” ಎಂದು ಬಾಗಿಲು ಒದ್ದಾಗಲಂತೆ. ಆಮೇಲೆ ಹೇಳಲು ಬಾಯಿ ಬರಲಿಲ್ಲ.

ಆವತ್ತಿನಿಂದ ಅವರೂ ಮತ ಹಾಕಿಲ್ಲ. ಕಾಲು ನೋವು ಎಂದು ನನಗೆ ಹೇಳುತ್ತಿದ್ದದ್ದೆಲ್ಲ ನೆಪ. “ನಾನು ಒಂದು ಜಾಸ್ತಿ ಹಾಕಿದ್ದೀನಲ್ಲ. ಅವನು ಹಾಕೋವರೆಗೆ ನನಗೆ ಹಕ್ಕಿಲ್ಲ” ಎಂದರು. ನೀನು ಬಂದರೆ ಬರುತ್ತಾರಂತೆ, ಬಾರದಿದ್ದರೆ ಇಲ್ಲವಂತೆ. ಯಾವ ಗೇಟಿನ ಮೇಲೆ ಅವರ ಕಾಲು ನಿಂತಿದೆಯೋ ಅದಕ್ಕೂ ಮತ ಹಾಕುವುದಿಲ್ಲವಂತೆ. ನಾನು ಬೈದೆ, ಅತ್ತೂ ನೋಡಿದೆ, ಅವರು ಕೇಳಲಿಲ್ಲ. ನಿನಗೆ ಸಿಟ್ಟು ಬರುತ್ತದೆ, ಬರಬೇಕು. ಆದರೆ ಅವರನ್ನು ಬೈದು ಕಾಗದ ಬರೆಯಬೇಡ. ಅವರ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಓದಿ ಹೇಳಬೇಕಾದವಳು ನಾನು, ನನ್ನ ಕೈಲಾಗದು. ಬೈಯುವುದಿದ್ದರೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮತಗಟ್ಟೆಯ ಸಾಲಿನಲ್ಲಿ ಅವರ ಹಿಂದೆ ನಿಂತುಕೊಂಡು ಬೈಯಿ.